ಕೇಪು ಹಾರದಿದ್ದರೆ ತಪ್ಪು ಯಾರದು?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಈ ಸಲ ಕೋಡ್, ಟ್ರಾಫಿಕ್, ಮಳೆ ಯಾವುದೂ ಅಲ್ಲ, ಕೋವಿ ವಿಷಯ. ಹೆದರಬೇಡಿ :)

ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತೇ ಇರುತ್ತೆ. ನಳಿಗೆ ಬಾಯಿಂದ ಮದ್ದು, ಚರೆ ತುರುಕಿ, ಹಿಂದುಗಡೆ ಪುಟ್ಟ ಟೋಪಿಯಂಥ ಕೇಪು ಸಿಕ್ಕಿಸಿ, ಕುದುರೆ ಎಳೆದು ಬಿಟ್ಟರೆ ಢಂ. ನಮ್ಮ ಅಜ್ಜ ಗದ್ದೆಗೆ ಬರುವ ಹಂದಿ ಓಡಿಸಲು ಇಟ್ಟುಕೊಂಡಿದ್ದರು. ಎಲೆಕ್ಷನ್ ಬಂತೆಂದರೆ ಅದು ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರುತ್ತಿತ್ತು. ಈಡು ಠುಸ್ ಅಂದರೆ ಅಜ್ಜನ ತೀರ್ಪು ಒಂದೇ: "ಕೇಪು ಸರಿ ಇಲ್ಲ."

ಇದೇ ತೀರ್ಪನ್ನು ಅಮೆರಿಕದ ಕೊಲರಾಡೋದಲ್ಲಿ, ನಮ್ಮ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರ ಗ್ಯಾರೇಜಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದೆ. ಅಲ್ಲಿ ಬಹಳ ಜನ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಾರಿಸಿದ ಹಿತ್ತಾಳೆ ಕೇಸನ್ನು ತೊಳೆದು, ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಗುಂಡು ಒತ್ತುವುದು. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವಂತಿಲ್ಲ. ಅಲ್ಲಿ ಕೂಡ ನನ್ನಂಥ ವೀಸಾದವರು ಕೆಲವು ವಿನಾಯಿತಿ ಬಿಟ್ಟರೆ ಬಂದೂಕು, ತೋಟೆ ಹೊಂದುವಂತಿಲ್ಲ. ಹಾಗಾಗಿ ನನ್ನದು ನೋಟ್ಸ್ ಬರೆಯುವ ಕೆಲಸ ಮಾತ್ರ.)

ಅವರು .308 ರೈಫಲ್ಲಿಗೆ 50 ತೋಟೆ ತುಂಬಿದ್ದರು, ಮಗಳ ಮೊದಲ ಬೇಟೆಗೆ ಅಂತ. ರೇಂಜಿನಲ್ಲಿ 20 ಹೊಡೆದಾಗ 5 ಕೈಕೊಟ್ಟವು. ಪ್ರೈಮರ್ ಮೇಲೆ ಪಿನ್ನಿನ ಗುಳಿ ಬಿದ್ದಿದೆ, ಸದ್ದಿಲ್ಲ. ಹೀಗಾದಾಗ ತಕ್ಷಣ ಬೋಲ್ಟ್ ತೆಗೆಯಬಾರದು. ಬೆಂಕಿ ಒಳಗೆ ತಡವಾಗಿ ಹತ್ತುವುದೂ ಉಂಟು. ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಕನಿಷ್ಠ 30 ಸೆಕೆಂಡ್ ಕಾಯಬೇಕು. ಅಷ್ಟು ಉದ್ದದ 30 ಸೆಕೆಂಡ್ ನಾನು ಪ್ರೊಡಕ್ಷನ್ ಡಿಪ್ಲಾಯ್ ಮಾಡುವಾಗಲೂ ಕಂಡಿಲ್ಲ.

ಆ ಐದನ್ನೇ ಮತ್ತೆ ಹಾಕಿ ಹೊಡೆದರೆ ನಾಲ್ಕು ಹಾರಿದವು! ಅವರು "ಪ್ರೈಮರ್ ಲಾಟೇ ಕೆಟ್ಟಿದೆ" ಅಂದರು. ನನಗೆ ಅಲ್ಲೇ ಅನುಮಾನ. ಕೆಟ್ಟ ಪ್ರೈಮರ್ ಎರಡನೇ ಏಟಿಗೆ ಒಳ್ಳೆಯದಾಗುವುದು ಹೇಗೆ?

ಪ್ರೈಮರ್ ಅಂದರೆ ಒಂದು ಪುಟ್ಟ ಲೋಹದ ಬಟ್ಟಲು, ಅದರೊಳಗೆ ಏಟಿಗೆ ಸಿಡಿಯುವ ಮದ್ದು, ಮದ್ದಿನ ಆಚೆ ಕಮ್ಮಾರನ ಅಡಿಗಲ್ಲಿನ ಹಾಗೆ ಒಂದು ಲೋಹದ ಚೂರು. ಪಿನ್ ಹೊಡೆದಾಗ ಮದ್ದು ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಜಜ್ಜಿ ಕಿಡಿಯಾಗುತ್ತೆ. ಆದರೆ ಅಡಿಗಲ್ಲಿನ ಕಾಲು ಕೇಸಿನ ಗುಳಿಯ ತಳಕ್ಕೆ ಮುಟ್ಟಿರಬೇಕು. ಮುಟ್ಟದಿದ್ದರೆ ಏಟಿನ ಶಕ್ತಿಯೆಲ್ಲ ಪ್ರೈಮರನ್ನು ಒಳಗೆ ದೂಡುವುದರಲ್ಲೇ ಖರ್ಚು. ತೆಂಗಿನಕಾಯಿಯನ್ನು ಹಾಸಿಗೆ ಮೇಲಿಟ್ಟು ಒಡೆದ ಹಾಗೆ. ಮೊದಲ ಏಟು ಕೂರಿಸಿತು, ಎರಡನೆಯದು ಹಾರಿಸಿತು.

ಇನ್ನೊಬ್ಬ ಆರೋಪಿ ರೈಫಲ್. ಚಳಿಗೆ ಬೋಲ್ಟಿನೊಳಗಿನ ಹಳೇ ಗ್ರೀಸ್ ಗಟ್ಟಿಯಾದರೆ, ಸ್ಪ್ರಿಂಗ್ ಸೋತಿದ್ದರೆ ಪಿನ್ನಿನ ಏಟೇ ಮೆತ್ತಗಾಗುತ್ತೆ. ಅದಕ್ಕೆ ಅಂಗಡಿಯಿಂದ ತಂದ ತೋಟೆ 10 ಹೊಡೆಸಿದೆವು. ಹತ್ತೂ ಹಾರಿದವು. ಗುಳಿಯ ಆಳವೂ ಚೆನ್ನಾಗಿತ್ತು. ರೈಫಲ್ ಖುಲಾಸೆ.

ಉಳಿದ 30 ತೋಟೆಯನ್ನು ಗ್ಯಾರೇಜಿನಲ್ಲಿ ಕ್ಯಾಲಿಪರ್ ಹಿಡಿದು ಅಳೆದೆವು. ಪ್ರೈಮರ್ ಕೇಸಿನ ಅಂಚಿಗಿಂತ ಸುಮಾರು 0.003ರಿಂದ 0.005 ಇಂಚು ಕೆಳಗಿದ್ದರೆ ಚೆನ್ನ. 9 ತೋಟೆಗಳಲ್ಲಿ ಅದು ಅಂಚಿಗೆ ಸಮವಾಗಿ ಇಲ್ಲವೇ ಮೇಲಕ್ಕಿತ್ತು, ಆ ಒಂಬತ್ತರಲ್ಲಿ ಎರಡರಲ್ಲಂತೂ ಬೆರಳಿಗೆ ತಾಗುವಷ್ಟು. ತಿರುಗಿಸಿ ಕೇಸಿನ ಮುದ್ರೆ ನೋಡಿದರೆ ಆ ಒಂಬತ್ತೂ ಸೈನ್ಯದ ಕೇಸುಗಳು! ಸೈನ್ಯದ ತೋಟೆಯಲ್ಲಿ ಪ್ರೈಮರ್ ಕಳಚದಿರಲಿ ಅಂತ ಸುತ್ತಲೂ ಹಿತ್ತಾಳೆಯನ್ನು ಒಳಕ್ಕೆ ಒತ್ತಿರುತ್ತಾರೆ. ಆ ಅಂಚನ್ನು ಪೂರ್ತಿ ಕೆರೆದು ತೆಗೆಯದಿದ್ದರೆ ಹೊಸದು ಬಿಗಿಯಾಗಿ ಅರ್ಧದಲ್ಲೇ ನಿಲ್ಲುತ್ತೆ. ಕೈಗೆ ಮಾತ್ರ "ಕೂತಿತು" ಅನ್ನಿಸುತ್ತೆ.

ನಿಜವಾದ ಜಗಳ ಆಮೇಲೆ. ಅವರು ಆ ಒಂಬತ್ತನ್ನು ಹಾಗೇ ಪ್ರೆಸ್ಸಿಗೆ ಹಾಕಿ ಇನ್ನೊಂದು ಸಲ ಒತ್ತಲು ಹೊರಟರು. ಒಳಗೆ ಮದ್ದಿದೆ, ತುದಿಗೆ ಗುಂಡಿದೆ, ನಾವು ಒತ್ತುವುದು ಒತ್ತಿದರೆ ಸಿಡಿಯುವ ವಸ್ತುವನ್ನು! ತುಂಬಿದ ತೋಟೆಯ ಪ್ರೈಮರನ್ನು ಮತ್ತೆ ಒತ್ತಬಾರದು ಅನ್ನುವುದು ಈ ಹವ್ಯಾಸದ ಮೂಲ ನಿಯಮ. ಅವರದೇ ಕಪಾಟಿನ ಕೈಪಿಡಿ ತೆಗೆದು ತೋರಿಸಿದೆ. ಇಪ್ಪತ್ತು ವರ್ಷದ ಅನುಭವಸ್ಥರಿಗೆ ಕೋವಿ ಮುಟ್ಟದ ಹುಡುಗ ಹೇಳುವುದು ಅಂದರೆ ಮುಜುಗರವೇ. ಮುಖ ಗಂಟಿಕ್ಕಿಕೊಂಡರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅದೇ ಕೆಲಸ ಮಾಡಿರಬೇಕು. ಕನ್ನಡಕ ಹಾಕಿಕೊಂಡು ಒಂಬತ್ತರ ಗುಂಡನ್ನೂ ಎಳೆದು ತೆಗೆದು, ಮದ್ದು ಸುರಿದರು. ಒಂದು ಗಂಟೆ ಹಿಡಿಯಿತು.

ಕೆಲಸ ಮಾಡುತ್ತಾ ಅವರೇ ಹೇಳಿದ ತಮಾಷೆ: ಈಗ ಅಮೆರಿಕದವರು ಬಳಸುವ ಪ್ರೈಮರ್ ಇಂಗ್ಲೆಂಡಿನ ಬಾಕ್ಸರನದು, ಯುರೋಪಿನಲ್ಲಿ ಬಹಳ ಕಾಲ ನಡೆದದ್ದು ಅಮೆರಿಕದ ಬರ್ಡನ್‌ನದು. ಎರಡೂ 1866ರ ಸುಮಾರಿನವು. ಬರ್ಡನ್ ಮಾದರಿಯಲ್ಲಿ ಅಡಿಗಲ್ಲು ಕೇಸಿನಲ್ಲೇ ಇದ್ದು ಪಕ್ಕಗಳಲ್ಲಿ ಸಣ್ಣ ತೂತುಗಳಿರುತ್ತವೆ. ಬಾಕ್ಸರ್ ಮಾದರಿಯಲ್ಲಿ ನಡುವೆ ಒಂದೇ ತೂತು, ಕಡ್ಡಿ ತೂರಿಸಿದರೆ ಹಳೇ ಪ್ರೈಮರ್ ಹೊರಗೆ. ಮನೆಯಲ್ಲಿ ತುಂಬುವವರಿಗೆ ಇದೇ ಸಲೀಸು.

ಹಾರಿದ ಪ್ರೈಮರಿನ ಮುಖ ಓದುವುದನ್ನೂ ಅವತ್ತೇ ಕಲಿತೆ. ಚಪ್ಪಟೆಯಾಗಿದ್ದರೆ ಮದ್ದು ಜಾಸ್ತಿ ಅಂತ ಎಲ್ಲರೂ ಅನ್ನುತ್ತಾರೆ. ಕೇಸಿಗೂ ಚೇಂಬರಿಗೂ ನಡುವೆ ಸಡಿಲ ಇದ್ದರೂ ಹಾಗಾಗುತ್ತೆ. ತೂತು ಬಿದ್ದಿದ್ದರೆ, ಸುತ್ತ ಮಸಿ ಕಾರಿದ್ದರೆ ಮಾತ್ರ ಚರ್ಚೆ ಬೇಡ, ಅಲ್ಲಿಗೇ ನಿಲ್ಲಿಸಬೇಕು.

ಮಿಕ್ಕ 21 ತೋಟೆ ಮುಂದಿನ ವಾರ ಒಂದೂ ತಪ್ಪದೆ ಹಾರಿದವು. ಮಗಳ ಬೇಟೆಗೆ ಮಾತ್ರ ಅವರು ಅಂಗಡಿಯ ಡಬ್ಬಿಯನ್ನೇ ಒಯ್ದರು.

ಅಂದ ಹಾಗೆ, ನಿಮ್ಮ ಕಡೆ ಕೇಪಿಗೆ ಬೇರೆ ಹೆಸರೇನಾದರೂ ಇದೆಯಾ? ಗೊತ್ತಿದ್ದವರು ಕಾಮೆಂಟಿಸಿ.