ಕಾಯಿಗೊಂದು ಗುರುತು

ಚೌಕಾಬಾರ ಆಡಲು ಕೊಕಟನೂರಿನಲ್ಲಿ ಯಾರೂ ಪೇಟೆಗೆ ಹೋಗುವುದಿಲ್ಲ. ಕಟ್ಟೆಯ ಮೇಲೆ ಖಡುವಿನಿಂದ ಇಪ್ಪತ್ತೈದು ಮನೆ ಬರೆದು, ನಾಲ್ಕೂ ಬದಿಯ ನಡುಮನೆಗಳಿಗೆ, ನಟ್ಟನಡುವಿನ ಮನೆಗೆ ಕತ್ತರಿಗೆರೆ ಎಳೆದರೆ ಆಯಿತು. ಕವಡೆ ಇಲ್ಲವೇ? ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳಿ. ಕಾಯಿಗಳ ವಿಷಯದಲ್ಲಿ ಮಾತ್ರ ನಮ್ಮವರದು ತೀರ ಉಡಾಫೆ. ಒಬ್ಬರಿಗೆ ಹಸಿರು ಬಳೆಚೂರು, ಇನ್ನೊಬ್ಬರಿಗೆ ಕೆಂಪು ಬಳೆಚೂರು, ಮತ್ತೊಬ್ಬರಿಗೆ ಗೋವಿನಜೋಳದ ಕಾಳು. ಕಾಳನ್ನು ಕೋಳಿ ಕುಕ್ಕಿದರೆ ಅದು ಯಾರು ಕಡಿದ ಕಾಯಿ ಎನ್ನುವುದೇ ಒಂದು ವಾದ.

ನನಗೆ ಆಟಕ್ಕಿಂತ ಕಾಯಿ ಮಾಡುವ ಚಟವೇ ಹೆಚ್ಚು. ಎಂಟು ಬೀಳಲಿ, ಒಂದು ಬೀಳಲಿ, ಅದು ಕವಡೆಯ ಇಷ್ಟ. ಆದರೆ ಯಾರ ಕಾಯಿ ಎಲ್ಲಿದೆ ಎಂಬುದು ಕಣ್ಣು ಹಾಯಿಸಿದೊಡನೆ ತಿಳಿಯಬೇಕು. ಬಣ್ಣವೊಂದನ್ನೇ ನಂಬುವಂತಿಲ್ಲ. ಪಗಡೆಯ ಹಳೆಯ ಪದ್ಧತಿಯಲ್ಲೇ ಕೆಂಪು, ಹಸಿರು ಎರಡೂ ಇವೆ. ಆ ಎರಡನ್ನೇ ಬೇರೆ ಮಾಡಿ ಕಾಣಲಾಗದ ಗಂಡಸರು ಊರೂರಲ್ಲಿ ಸಿಗುತ್ತಾರೆ. ಹೆಂಗಸರಲ್ಲಿ ಈ ತೊಡಕು ಬಹಳ ಕಡಿಮೆ. ನಮ್ಮ ಕಾಕಾ ಆಟದ ನಡುವೆ, "ತಮ್ಮಾ, ಕೆಂಪಂದ್ರ ಯಾವ್ದೋ?" ಎಂದಾಗ ಕೆಲವರು ಅದನ್ನು ಠಕ್ಕು ಎಂದೇ ತಿಳಿಯುತ್ತಾರೆ.

ಗಂಜೀಫಾ ಎಂಬ ಹಳೆಯ ಇಸ್ಪೀಟೆಲೆಗಳನ್ನು ಬರೆಯುವವರು ಇದನ್ನು ಎಂದೋ ಅರಿತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿರಲಿ, ಘಟ್ಟದ ಕೆಳಗಿನ ಸಾವಂತವಾಡಿಯಿರಲಿ, ದಶಾವತಾರದ 120 ಎಲೆಗಳಲ್ಲಿ ಪ್ರತಿ ಅವತಾರಕ್ಕೂ ನೆಲದ ಬಣ್ಣದ ಜೊತೆಗೆ ತನ್ನದೇ ಚಿತ್ರವೂ ಇರುತ್ತದೆ: ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಬಣ್ಣ ಮಾಸಿದರೂ ಮೀನು ಮೀನೇ. ಆದರೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ. ಚೌಕಾಬಾರದಲ್ಲಿ ನಾಲ್ವರು ನಾಲ್ಕು ದಿಕ್ಕಿಗೆ ಕೂತಿರುತ್ತಾರೆ. ನನಗೆ ನೆಟ್ಟಗೆ ಕಂಡ ಮೀನು ಎದುರಿನವನಿಗೆ ತಲೆಕೆಳಗು. ಅಕ್ಷರ ಬರೆದರೆ ಇನ್ನೂ ಕಷ್ಟ. ನಮ್ಮ ದುಂಡನೆಯ ಲಿಪಿಯಲ್ಲಿ ರ, ಠ ಎರಡನ್ನೂ ಮಾರುದೂರದಿಂದ ಬೇರೆ ಮಾಡುವವರು ನನಗಂತೂ ಸಿಕ್ಕಿಲ್ಲ.

ಹಾದಿ ತೋರಿಸಿದ್ದು ತೊಗಲು. ಕೊಲ್ಹಾಪುರಿ ಎಂದು ಲೋಕ ಕರೆಯುವ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ ಕಡೆ ತಲೆಮಾರುಗಳಿಂದ ಹೊಲಿಯುತ್ತಾರೆ. ಆ ಹೆಸರಿನ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗಿರುವಂತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಇದೆ. ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಆ ತೊಗಲಿನ ಚೂರುಗಳೆಲ್ಲ ಒಂದೇ ಕಂದು. ಹೀಗಾಗಿ ಬಣ್ಣದ ಆಸೆ ಬಿಟ್ಟು ಯೋಚಿಸಬೇಕಾಯಿತು. ರಂಪಿಗೆಯಿಂದ ಅರ್ಧದಷ್ಟನ್ನು ದುಂಡಗೆ, ಅರ್ಧದಷ್ಟನ್ನು ಚೌಕವಾಗಿ ಕತ್ತರಿಸಿದೆ. ಎರಡರಲ್ಲೂ ಅರ್ಧಕ್ಕೆ ನಡುವೆ ತೂತು ಹೊಡೆದೆ. ಬೋಳು ದುಂಡು, ತೂತುದುಂಡು, ಬೋಳು ಚೌಕ, ತೂತುಚೌಕ: ನಾಲ್ವರಿಗೆ ನಾಲ್ಕು ಬಗೆ. ಯಾವ ದಿಕ್ಕಿನಿಂದ ನೋಡಿದರೂ ಅದೇ ರೂಪ, ಮಗುಚಿ ಬಿದ್ದರೂ ಅದೇ ತೂತು. ಕರೆಂಟು ಹೋದರೆ ಬೆರಳೇ ಓದಿಕೊಳ್ಳುತ್ತದೆ.

ಒಂದು, ಎರಡು, ಮೂರು, ನಾಲ್ಕು ತೂತು ಹೊಡೆದರೆ ಆಗದೇ ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ಎಣಿಸಬೇಕಾಗುತ್ತದೆ. ಎಣಿಕೆ ದಾಳಕ್ಕಿರಲಿ, ಹಳೆಯ ಪಗಡೆ ದಾಳಗಳಲ್ಲಿ ಚುಕ್ಕೆಯ ಸುತ್ತ ಉಂಗುರ ಕೊರೆದಿರುವುದನ್ನು ನೋಡಿದರೆ, ಚುಕ್ಕೆ ಸವೆದರೂ ಉಂಗುರ ಉಳಿಯಲಿ ಎಂದು ಯಾರೋ ಜಾಣ ಯೋಚಿಸಿರಬೇಕು ಎನ್ನಿಸುತ್ತದೆ. ಕಾಯಿ ಯಾರದೆಂದಷ್ಟೇ ಹೇಳಿದರೆ ಸಾಕು. ಹುಲಿ-ಕುರಿ ಆಟದಲ್ಲಂತೂ ಇಷ್ಟೂ ಬೇಡ: ಮೂರು ಹುಲಿ ದೊಡ್ಡವು, ಹದಿನೈದು ಕುರಿ ಸಣ್ಣವು, ಮುಗಿಯಿತು.

ಆಯಿಗೆ ನನ್ನ ಈ ಕಸುಬೆಲ್ಲ ಹುಚ್ಚಾಟ. "ಗರ ಬೀಳಬೇಕೋ, ಗುರುತಿನಿಂದ ಏನ್ ಆಗ್ತೈತಿ?" ಎನ್ನುತ್ತಾಳೆ. ಹಾಗೆನ್ನುತ್ತಲೇ, ನಾನು ಚೀಲ ಸುರಿದ ಕೂಡಲೇ ತೂತುಚೌಕ ನಾಲ್ಕನ್ನೂ ಆರಿಸಿ ಸೆರಗಿಗೆ ಹಾಕಿಕೊಂಡಿರುತ್ತಾಳೆ. ಅವು ಬೇರೆಯವರ ಪಾಲಾದರೆ ಆಟಕ್ಕೇ ಕೂರುವುದಿಲ್ಲ.