ಪ್ರತಿಯೂ ರಕ್ಷಣೆಯೂ

ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನ ಕೈತಪ್ಪುಗಳಿಂದಲೂ ಪಾಠಾಂತರಗಳು ಹುಟ್ಟುತ್ತವೆಂದು ವಿದ್ವತ್ ತರಗತಿಯಲ್ಲಿ ಓದಿದವನು ನಾನು. ತಪ್ಪದೆ ಪ್ರತಿಮಾಡುವ ಲಿಪಿಕಾರನೊಬ್ಬನು ದೊರೆತರೆ ಗ್ರಂಥಗಳಿಗೆ ಅಳಿವಿಲ್ಲವೆಂದು ಬಹುಕಾಲ ನಂಬಿದ್ದೆ. ಆ ನಂಬಿಕೆಯು ಒಂದೇ ರಾತ್ರಿಯಲ್ಲಿ ಸಡಿಲವಾದ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ.

ಆರು ವರ್ಷ ಊರೂರು ಅಲೆದು ಸಂಗ್ರಹಿಸಿದ ಒಕ್ಕಲುತನದ ಪದಗಳ ಅಕಾರಾದಿಯನ್ನೂ ಟಿಪ್ಪಣಿಹಾಳೆಗಳ ಚಿತ್ರಗಳನ್ನೂ ನನ್ನ ಗಣಕಯಂತ್ರದಲ್ಲಿ ಇರಿಸಿದ್ದೆ. ಹಳೆಯ ಶಿಷ್ಯನೊಬ್ಬನು ಅವು ಪ್ರತಿರಾತ್ರಿ ತಾವಾಗಿಯೇ ಮೂರು ಲಿನಕ್ಸ್ ಸರ್ವರುಗಳಿಗೆ ತಲುಪುವಂತೆ ಏರ್ಪಡಿಸಿದನು. ಗೊತ್ತಾದ ವೇಳೆಗೆ ಕೆಲಸವನ್ನು ಎಬ್ಬಿಸುವುದು ಕ್ರಾನ್, ಗುಪ್ತಪದವನ್ನು ಕೇಳದೆ, ಮೊದಲೇ ಇರಿಸಿದ ಕೀಲಿಕೈಯಿಂದ ಬಾಗಿಲು ತೆರೆಯುವುದು ಎಸ್‌ಎಸ್‌ಎಚ್, ಸಾಗಿಸುವುದು ಆರ್‌ಸಿಂಕ್. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬುವರು 1996ರಲ್ಲಿ ಹೊರತಂದ ಈ ಸಾಧನವು ಕಡತವನ್ನು ಖಂಡಗಳಾಗಿ ವಿಂಗಡಿಸಿ, ಎರಡೂ ಕಡೆಯ ಲೆಕ್ಕವನ್ನು ತಾಳೆನೋಡಿ, ವ್ಯತ್ಯಾಸವಾದುದನ್ನು ಮಾತ್ರ ಕಳುಹಿಸುತ್ತದೆ. ನಾನು ಅರಸುತ್ತಿದ್ದ ಲಿಪಿಕಾರನು ದೊರೆತನೆಂದು ಹಿಗ್ಗಿದೆ.

ಮೂರು ಕಡೆ ಪ್ರತಿಗಳಿವೆಯೆಂಬ ಧೈರ್ಯದಿಂದ, ನನ್ನ ಯಂತ್ರದಲ್ಲಿ ಸ್ಥಳ ಸಾಲದಾದ ಒಂದು ಸಂಜೆ, ಮೂಲದ ಕಡತಕೋಶವನ್ನೇ ಬರಿದುಮಾಡಿದೆ. ಮೂಲದಲ್ಲಿ ಇಲ್ಲದುದನ್ನು ಪ್ರತಿಯಲ್ಲಿಯೂ ಅಳಿಸಬೇಕೆಂಬ 'ಡಿಲೀಟ್' ಆಜ್ಞೆಯು ಆ ಏರ್ಪಾಡಿನಲ್ಲಿ ಸೇರಿದ್ದುದು ನನಗೆ ತಿಳಿದಿರಲಿಲ್ಲ. ಬೆಳಗಾಗುವಷ್ಟರಲ್ಲಿ ಎರಡು ಸರ್ವರುಗಳು ಬರಿದಾಗಿದ್ದವು. ಪದಗಳನ್ನು ಹೇಳಿಕೊಟ್ಟ ಹಿರಿಯರಲ್ಲಿ ಹಲವರು ಇಂದಿಲ್ಲ. ಮತ್ತೆ ಕೇಳುವುದಾದರೂ ಯಾರನ್ನು?

ಮೂರನೆಯ ಸರ್ವರು ಹಿಂದಿನ ದಿನವೇ ಕೆಟ್ಟು ನಿಂತಿತ್ತು. "ಗುರುಗಳೇ, ತಾವು ಏನನ್ನೂ ಮುಟ್ಟಬೇಡಿ" ಎಂದ ಶಿಷ್ಯನು ಮೊದಲು ಕ್ರಾನನ್ನು ನಿಲ್ಲಿಸಿ, ಅನಂತರ ಆ ಯಂತ್ರವನ್ನು ದುರಸ್ತಿಮಾಡಿ, ಅಕಾರಾದಿಯನ್ನು ಹೊರತೆಗೆದನು. ಆರು ವರ್ಷದ ದುಡಿಮೆ ಉಳಿದದ್ದು ಒಂದು ಕೆಟ್ಟ ಯಂತ್ರದ ಪುಣ್ಯದಿಂದ!

ದೋಷವು ಯಂತ್ರದ್ದಲ್ಲ. ನಿಷ್ಠಾವಂತನಾದ ಲಿಪಿಕಾರನು ಮೂಲದ ಶೂನ್ಯವನ್ನೂ ನಿಷ್ಠೆಯಿಂದಲೇ ಪ್ರತಿಮಾಡುತ್ತಾನೆ. ಓಲೆಯ ಪ್ರತಿಯಾದರೋ ಮೂಲದಿಂದ ಬೇರ್ಪಟ್ಟು ತನ್ನದೇ ಬಾಳನ್ನು ಬಾಳುತ್ತಿತ್ತು; ಮೂಲವು ಗೆದ್ದಲಿಗೆ ತುತ್ತಾದರೂ ಅದು ಉಳಿಯುತ್ತಿತ್ತು. ಈಗ ನಮ್ಮ ಏರ್ಪಾಡಿನಲ್ಲಿ ದಿನಾಂಕವನ್ನು ಹೊತ್ತ ಹಳೆಯ ಪ್ರತಿಗಳನ್ನು ಬೇರೆಯಾಗಿಯೇ ಕಾದಿರಿಸುತ್ತೇವೆ. ಆಜ್ಞೆಯನ್ನು ಬದಲಿಸಿದಾಗ 'ಡ್ರೈ ರನ್' ಎಂಬ ಪೂರ್ವಪರೀಕ್ಷೆಯಿಂದ ಏನೇನು ಅಳಿಯುವುದೆಂದು ಮೊದಲೇ ಓದಿಕೊಳ್ಳುತ್ತೇವೆ.

ವಿದ್ಯಾರ್ಥಿಮಿತ್ರರೇ, ಪ್ರತಿಗಳ ಸಂಖ್ಯೆಯನ್ನು ಎಣಿಸಿ ನಿಶ್ಚಿಂತರಾಗಬೇಡಿ. ಮೂಲವು ಅಳಿದ ದಿನ ಅವುಗಳಲ್ಲಿ ಎಷ್ಟು ಉಳಿಯುವುವೆಂದು ಕೇಳಿಕೊಳ್ಳಿ.