ಡಾಕ್ಟರಲ್ಲ, ನರ್ಸಲ್ಲ

ನಮ್ಮ ಬಂಧುಬಳಗದಲ್ಲಿ ಯಾರ ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಸಿಗಬೇಕು. ಮೆಡಿಕಲ್ಲು, ಇಂಜಿನಿಯರಿಂಗು, ಬಿ.ಎಡ್., ಇಲ್ಲವೇ ‘ಓದು ಮುಗೀತು, ಗಂಡು ನೋಡ್ತಾ ಇದೀವಿ’. ನನ್ನ ತಮ್ಮನ ಮಗಳ ವಿಷಯದಲ್ಲಿ ಮಾತ್ರ ಆ ಒಂದು ಮಾತು ನಮಗೆ ಸಿಕ್ಕಿರಲಿಲ್ಲ. ಅವಳು ಅಮೆರಿಕದ ಸಿಯಾಟಲ್ ಪಟ್ಟಣದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದುತ್ತಿದ್ದಳು. ವಿಷಯ ಮಾನವಶಾಸ್ತ್ರ. ಅದರಲ್ಲಿ ಮೆಡಿಕಲ್ ಆಂಥ್ರಪಾಲಜಿ ಮತ್ತು ಗ್ಲೋಬಲ್ ಹೆಲ್ತ್ ಎಂಬ ಕವಲು. ವೈದ್ಯಕೀಯ ಮಾನವಶಾಸ್ತ್ರ, ಜಾಗತಿಕ ಆರೋಗ್ಯ ಎಂದು ನಾನು ಕನ್ನಡ ಮಾಡಿ ಹೇಳಿದೆ. ಕೆರೆಬಿಳಚಿಯ ನಮ್ಮ ಮನೆಯಲ್ಲಿ ಅದರಿಂದ ಯಾರಿಗೂ ಹೆಚ್ಚೇನೂ ತಿಳಿಯಲಿಲ್ಲ.

“ಮೆಡಿಕಲ್ ಅಂತೀಯ, ಡಾಕ್ಟರಲ್ಲ ಅಂತೀಯ. ನರ್ಸಾ?” ಎಂದು ಅವ್ವ ಕೇಳಿದಳು. ನರ್ಸೂ ಅಲ್ಲ ಎಂದೆ. “ಹಂಗಾದ್ರೆ ಅಷ್ಟು ದುಡ್ಡು ಸುರಿದು ಏನವ್ವಾ ಕಲಿಸ್ತಾರೆ ಅಲ್ಲಿ?” ಎಂದಳು. ತಮ್ಮನ ಅಳಲೂ ಇದೇ ಆಗಿತ್ತು. ಮಗಳು ಡಾಕ್ಟರಾಗಲಿ ಎಂಬ ಆಸೆ ಅವನಿಗೆ. ಆ ಜಗಳದ ಕಥೆಯನ್ನು ಬೆಳೆಸುವುದಿಲ್ಲ. ಅಂಥದ್ದು ಎಲ್ಲರ ಮನೆಯಲ್ಲೂ ಇರುತ್ತದೆ.

2024ರ ಜೂನ್ ಕೊನೆಯಲ್ಲಿ, ಮೂರನೆಯ ವರ್ಷ ಮುಗಿಸಿ ಅವಳು ಊರಿಗೆ ಬಂದಳು. ಅಲ್ಲಿ ಕಾಲೇಜು ಮತ್ತೆ ಶುರುವಾಗುವುದು ಸೆಪ್ಟೆಂಬರಿನ ಕೊನೆಗೆ. ಅಲ್ಲಿಯವರೆಗೆ ಅಜ್ಜಿಯ ಹತ್ತಿರ ಇರುತ್ತೇನೆ ಎಂದಳು. ಅವಳ ಕನ್ನಡ ಮನೆಯೊಳಗಿನ ಕನ್ನಡ. ಊಟ, ನಿದ್ದೆ, ಸ್ನಾನ ದಾಟಿದರೆ ತಡವರಿಸುತ್ತಿತ್ತು. ನಾನು ಕೆಲಸದಿಂದ ನಿವೃತ್ತಳಾದವಳು, ಜೊತೆಗಿರಲು ದಾವಣಗೆರೆಯಿಂದ ಹೋದೆ.

ಒಂದು ಸಂಜೆ ಸೂಳೆಕೆರೆಯ ಏರಿಯ ಮೇಲೆ ಕುಳಿತು ನಾನೇ ಕೇಳಿದೆ, ನಿನ್ನ ಓದು ಅಂದರೆ ಏನೇ ಪುಟ್ಟಿ ಎಂದು. ಅವಳು ತಿರುಗಿ ನನ್ನನ್ನೇ ಕೇಳಿದಳು. “ಅತ್ತೆ, ಈ ಊರಲ್ಲಿ ಮಗುವಿಗೆ ಜ್ವರ ಬಂದರೆ ಮೊದಲು ಏನು ಮಾಡ್ತಾರೆ?” ನಾನು ಯೋಚಿಸಿ ಹೇಳಿದೆ: ಮೊದಲು ದೃಷ್ಟಿ ತೆಗೆಯುತ್ತಾರೆ. ಆಮೇಲೆ ಕಷಾಯ. ರಾತ್ರಿಯಾದರೂ ಇಳಿಯದಿದ್ದರೆ ಮೆಡಿಕಲ್ ಶಾಪಿನಿಂದ ಮಾತ್ರೆ. ಮಗು ಬೆಚ್ಚಿಬಿದ್ದಿದೆ ಎನಿಸಿದರೆ ನಮ್ಮವರೂ ಮುಸಲ್ಮಾನರ ಹಿರಿಯರ ಹತ್ತಿರ ಹೋಗಿ ತಾಯತ ಕಟ್ಟಿಸಿಕೊಂಡು ಬರುತ್ತಾರೆ. ಆಸ್ಪತ್ರೆಗೆ ಹೋಗಬೇಕಾದರೆ ಅತ್ತೆಯನ್ನು ಕೇಳಬೇಕು, ಗಂಡನ ಹತ್ತಿರ ದುಡ್ಡು ಕೇಳಬೇಕು, ಆ ದಿನದ ಕೂಲಿ ಬಿಡಬೇಕು. “ಅದೇ ನನ್ನ ಓದು” ಎಂದಳು. ಡಾಕ್ಟರು ನೋಡುವುದು ಜ್ವರವನ್ನು. ಜ್ವರ ಬಂದವರ ಮನೆಯಲ್ಲಿ ಏನೇನು ನಡೆಯುತ್ತದೆ, ಯಾಕೆ ಹಾಗೆ ನಡೆಯುತ್ತದೆ ಎಂದು ಇವರು ನೋಡುತ್ತಾರಂತೆ. ಇಷ್ಟನ್ನು ತಿಳಿಯಲು ಸಿಯಾಟಲ್‌ಗೆ ಹೋಗಬೇಕೇ ಎಂಬ ಮಾತು ನನ್ನ ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ.

ಆದರೆ ಅವಳ ಪಾಠದಲ್ಲಿ ನಮ್ಮ ದಕ್ಷಿಣ ಕನ್ನಡವೂ ಇದೆ ಎಂದು ಕೇಳಿ ಬೆರಗಾಯಿತು. ಮಾರ್ಕ್ ನಿಕ್ಟರ್, ಮಿಮಿ ನಿಕ್ಟರ್ ಎಂಬ ಅಮೆರಿಕದ ದಂಪತಿ 1970ರ ದಶಕದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಇದ್ದು ಬಸುರಿಯರ ಊಟದ ವಿಚಾರ ತಿಳಿದು, 1983ರಲ್ಲಿ ಅದನ್ನು ಬರೆದರು. ಡಾಕ್ಟರು ಚೆನ್ನಾಗಿ ಉಣ್ಣಿ ಎನ್ನುತ್ತಿದ್ದರೆ ಅನೇಕ ಹೆಂಗಸರು ಕಡಿಮೆ ಉಣ್ಣುತ್ತಿದ್ದರು. ಕೂಸು, ಅನ್ನ ಎರಡೂ ಒಂದೇ ಹೊಟ್ಟೆಯಲ್ಲಿ ಜಾಗ ಹಂಚಿಕೊಳ್ಳಬೇಕು, ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟು ಎಂಬುದು ಒಂದು ಲೆಕ್ಕ. ಕೂಸು ದೊಡ್ಡದಾದರೆ ಹೆರಿಗೆ ಕಷ್ಟ ಎಂಬುದು ಇನ್ನೊಂದು. ಓದಿ ಹೇಳುತ್ತಿದ್ದ ಹಾಗೆ ನಮ್ಮ ಓಣಿಯ ಎಷ್ಟು ಬಸುರಿಯರು ನನ್ನ ಕಣ್ಣಮುಂದೆ ಬಂದರು! ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ತಿಪ್ಪೆಗೆ ಬೀಳುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಹೆದರಿಕೆ ಬುಡವಿಲ್ಲದ್ದೂ ಅಲ್ಲ. ಹೆರಿಗೆ ಅಡ್ಡಾದರೆ ಮಧ್ಯರಾತ್ರಿ ಎತ್ತಿನಗಾಡಿ ಕಟ್ಟಬೇಕಾಗಿದ್ದ ಕಾಲದಲ್ಲಿ ಸಣ್ಣ ಕೂಸನ್ನು ಬಯಸಿದ ಹೆಂಗಸು ದಡ್ಡಿಯೇನಲ್ಲ. ಮಾತ್ರೆ ಕೊಟ್ಟವರು ಆ ರಾತ್ರಿಯ ಬಗ್ಗೆ ಅವಳ ಹತ್ತಿರ ಮಾತಾಡಲಿಲ್ಲ, ಅಷ್ಟೆ.

ಅವಳ ಮೊದಲ ರೋಗಿ ಎಂದರೆ ನಮ್ಮ ಅವ್ವ. ಅವ್ವನಿಗೆ ಬಿ.ಪಿ. ಇದೆ. ದಿನಕ್ಕೆ ಎರಡು ಮಾತ್ರೆ. ಆದರೂ ಪೇಟೆಯ ಡಾಕ್ಟರು ಪ್ರತಿ ಸಲವೂ ಪಟ್ಟಿ ಕಟ್ಟಿ ನೋಡಿ, ಹೆಚ್ಚಾಗಿದೆ ಎಂದು ಬೈಯುತ್ತಾರೆ. ಅವ್ವ ನುಂಗ್ತೀನಪ್ಪಾ ಎನ್ನುತ್ತಾಳೆ. ಅವರು ಇನ್ನೊಂದು ಮಾತ್ರೆ ಬರೆಯುತ್ತಾರೆ.

ಆರ್ಥರ್ ಕ್ಲೈನ್‌ಮನ್ ಎಂಬ ಹಾರ್ವರ್ಡ್‌ನ ಮನೋವೈದ್ಯರು 1970ರ ದಶಕದಲ್ಲಿ ರೋಗಿಯನ್ನು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಮಾಡಿಕೊಟ್ಟರಂತೆ. ಈ ಓದಿನ ಮಕ್ಕಳಿಗೆ ಅದು ಕಾಗುಣಿತವಿದ್ದ ಹಾಗೆ. ನಿಮಗೆ ಏನಾಗಿದೆ ಎಂದು ನಿಮಗನ್ನಿಸುತ್ತದೆ, ಅದು ಯಾಕೆ ಆಗಲೇ ಶುರುವಾಯಿತು, ಇದರಿಂದ ನಿಮ್ಮ ಬದುಕಿನಲ್ಲಿ ಏನು ತೊಡಕಾಗಿದೆ, ನಿಮಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದರದು, ಹೀಗೆ. ಪುಟ್ಟಿ ಅವನ್ನೆಲ್ಲ ಜಗಲಿಯ ಮೇಲೆ ಅವ್ವನಿಗೆ ಕೇಳಿದಳು. ಅವ್ವ ಹಸನು ಮಾಡುತ್ತಿದ್ದ ಅಕ್ಕಿಯ ಮೊರ ಬದಿಗಿಟ್ಟಳು. “ನಂಗೆ ಎಪ್ಪತ್ತೆಂಟು ವರ್ಸ. ಇದನ್ನ ಯಾರೂ ಕೇಳಿದ್ದಿಲ್ಲ ಕಣವ್ವಾ” ಎಂದು ಶುರುಮಾಡಿದವಳು ಒಂದು ಗಂಟೆ ನಿಲ್ಲಿಸಲಿಲ್ಲ.

ಸಂಗತಿ ಇಷ್ಟೇ. ಎರಡರಲ್ಲಿ ಒಂದು ಮಾತ್ರೆ ಮೂತ್ರ ಹೆಚ್ಚಿಸುವಂಥದ್ದು. ಅದನ್ನು ನುಂಗಿದರೆ ಅರ್ಧ ಗಂಟೆಗೊಮ್ಮೆ ಏಳಬೇಕು. ಸಂತೆಯ ದಿನ, ಮದುವೆ-ಮುಂಜಿಗೆ ಹೋಗುವ ದಿನ, ನಮ್ಮ ಮನೆಗೆ ಬರುವ ದಿನ ಅವ್ವ ಅದನ್ನು ಮುಟ್ಟುವುದಿಲ್ಲ. ಬಸ್ಸಿನಲ್ಲಿ ಏನು ಮಾಡಬೇಕು? ಇಳಿದ ಕಡೆ ಹೆಂಗಸರಿಗೆ ಒಂದು ಮರೆ ಇರುತ್ತದೆಯೇ? ಡಾಕ್ಟರ ಹತ್ತಿರ ಹೋಗುವ ದಿನವೂ ಬಸ್ಸಿನ ದಿನವೇ ಆದ್ದರಿಂದ ಅವತ್ತೂ ನುಂಗಿರುವುದಿಲ್ಲ. ಅವರಿಗೆ ಸಿಗುವ ಲೆಕ್ಕ ಯಾವಾಗಲೂ ಮಾತ್ರೆಯಿಲ್ಲದ ದಿನದ್ದು! ಗಂಡಸರಾದ ಡಾಕ್ಟರಿಗೆ ಇದನ್ನು ಹೇಗೆ ಹೇಳುವುದು ಎಂದು ಅವ್ವ ಸುಮ್ಮನಿದ್ದಳು. ಪಟ್ಟಣದ ಓದುಗ ಅಕ್ಕತಂಗಿಯರೇ, ನೀರು ಕುಡಿಯದೆ ದಿನವಿಡೀ ಕಚೇರಿಯಲ್ಲಿ, ಶಾಲೆಯಲ್ಲಿ ಕಳೆಯುವ ನಾವು ಅವ್ವನನ್ನು ನೋಡಿ ನಗುವ ಹಾಗಿಲ್ಲ.

ಮುಂದಿನ ಸಲ ಪುಟ್ಟಿಯೇ ಜೊತೆಗೆ ಹೋಗಿ ಡಾಕ್ಟರಿಗೆ ವಿಷಯ ಹೇಳಿದಳು. ಅವರು ಒಳ್ಳೆಯವರು. ಪೆನ್ನು ಕೆಳಗಿಟ್ಟು, ಹೊರಗೆ ಹೋಗುವ ದಿನ ಆ ಮಾತ್ರೆಯನ್ನು ಮನೆಗೆ ಬಂದ ಮೇಲೆ ತೆಗೆದುಕೊಳ್ಳಿ ಎಂದರು. ಬರೆದಿದ್ದ ಮೂರನೆಯ ಮಾತ್ರೆಯನ್ನು ಹೊಡೆದುಹಾಕಿದರು.

ಇದು ನಗುವ ಕಥೆ. ಇನ್ನೊಂದು ಹಾಗಲ್ಲ.

ನಮ್ಮ ಮನೆಗೆ ಹಾಲಿಗೆ ಬರುವ ಒಬ್ಬ ಹೆಂಗಸು, ನಲವತ್ತರ ಆಸುಪಾಸಿನವಳು. ಅಡಿಕೆ ಕಾಲದಲ್ಲಿ ಸುಲಿಯಲು ಹೋಗುತ್ತಾಳೆ, ಉಳಿದ ದಿನ ಗದ್ದೆ ಕೆಲಸ. ಅವಳಿಗೆ ಕ್ಷಯ ಎಂದು ಕಫ ಪರೀಕ್ಷೆಯಲ್ಲಿ ತಿಳಿದಿತ್ತು. ಸರ್ಕಾರಿ ಮಾತ್ರೆ ಶುರುಮಾಡಿ, ಎರಡು ತಿಂಗಳಾದ ಮೇಲೆ ಬಿಟ್ಟುಬಿಟ್ಟಳು. ಈ ಮಾತ್ರೆಯನ್ನು ಆರು ತಿಂಗಳು ಬಿಡದೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮತ್ತೆ ಹೆಡೆ ಎತ್ತುತ್ತದೆ, ಮಾತ್ರೆಗೆ ಬಗ್ಗದ ಹಾಗೂ ಆಗಬಹುದು. ಆಶಾ ಕಾರ್ಯಕರ್ತೆ ಬಂದು ಬಂದು ಸೋತಿದ್ದಳು. “ಎಷ್ಟು ಹೇಳಿದ್ರೂ ಅಷ್ಟೇ. ಈ ಜನಕ್ಕೆ ತಿಳಿವಳಿಕೆ ಇಲ್ಲ” ಎಂದು ನಮ್ಮ ಅತ್ತಿಗೆ ತೀರ್ಪು ಕೊಟ್ಟರು.

ಆಗ ಪುಟ್ಟಿ ತುಮಕೂರಿನ ವಿಷಯ ಎತ್ತಿದಳು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯ ಜನಕ್ಕೆ ಈ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗಲೂ ಇತ್ತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಬಹುಪಾಲು ರೋಗಿಗಳಿಗೆ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ. ಜನ ಬಂದಿದ್ದರು, ಅವರನ್ನು ನೋಡಬೇಕಾದವರು ನೋಡಿರಲಿಲ್ಲ. ಅತ್ತಿಗೆ ಏನೂ ಹೇಳದೆ ಒಲೆಯ ಕಡೆ ತಿರುಗಿದರು.

ಮರುದಿನ ಆ ಹೆಂಗಸು ಹಾಲಿಗೆ ಬಂದಾಗ ಅವ್ವ ಒಳಗೆ ಕರೆದು ಕೂರಿಸಿದಳು. ಪುಟ್ಟಿ ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಲಿಲ್ಲ. “ಅಕ್ಕಾ, ಇದರಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದಕ್ಕೆ?” ಎಂದಳು. ಸಾವಿಗೆ ಎನ್ನುತ್ತಾಳೆಂದು ನಾನು ಕಾದಿದ್ದೆ. “ಮಗಳ ಸಂಬಂಧ ತಪ್ಪಿಹೋಗ್ತದೆ” ಎಂದಳು. ಮಗಳಿಗೆ ಹೊನ್ನಾಳಿ ಕಡೆಯ ಒಂದು ಮನೆಯವರು ಮಾತು ಕೊಟ್ಟಿದ್ದರು. ಆಶಾ ಪದೇ ಪದೇ ಬಾಗಿಲಿಗೆ ಬಂದರೆ ಓಣಿಯವರು ಯಾಕೆ ಎಂದು ಕೇಳುತ್ತಾರೆ, ಓಣಿಯ ಮಾತು ಹೊನ್ನಾಳಿಗೆ ಹೋಗಲು ಎಷ್ಟು ಹೊತ್ತು?

ಒಂದು ಹೊರಬಿದ್ದ ಮೇಲೆ ಉಳಿದದ್ದೂ ಬಂತು. ಮಾತ್ರೆ ನುಂಗಿದರೆ ಮೂತ್ರ ಕೆಂಪಗಾಗುತ್ತದೆ. ರಕ್ತ ಹೋಗುತ್ತಿದೆ ಎಂದು ಅವಳ ಅತ್ತೆ ಹೆದರಿಸಿದ್ದಳು. ಅದು ಆ ಮಾತ್ರೆಯ ಬಣ್ಣ, ಭಯಪಡಬೇಕಾದ್ದಿಲ್ಲ ಎಂಬ ಒಂದು ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಬರೀ ಹೊಟ್ಟೆಯಲ್ಲಿ ನುಂಗಿದರೆ ತೊಳಸು, ವಾಂತಿ. ಮನೆಯಲ್ಲಿ ಬೆಳಗ್ಗೆ ಎಲ್ಲರೂ ಉಂಡು ಅವಳಿಗೆ ಮಿಗುವುದು ಒಂದು ಲೋಟ ಚಹಾ. ತಟ್ಟೆ, ಲೋಟ ಬೇರೆ ಮಾಡಿದ್ದರು. ಕೆಮ್ಮು ಹೇಗೂ ನಿಂತಿತ್ತು, ಮತ್ತೇಕೆ ಈ ಗೋಳು ಎಂದು ಬಿಟ್ಟಳು. ಅವಳ ಜಾಗದಲ್ಲಿ ನಿಂತು ನೋಡಿದರೆ ನಾನೂ ನೀವೂ ಬೇರೇನು ಮಾಡುತ್ತಿದ್ದೆವು?

ಆ ರಾತ್ರಿ ಪುಟ್ಟಿ ಹೈಟಿ ದೇಶದ ಕಥೆ ಹೇಳಿದಳು. ಪಾಲ್ ಫಾರ್ಮರ್ ಎಂಬವರು ಡಾಕ್ಟರೂ ಹೌದು, ಮಾನವಶಾಸ್ತ್ರ ಓದಿದವರೂ ಹೌದು, 2022ರಲ್ಲಿ ತೀರಿಕೊಂಡರು. ಆ ಬಡ ದೇಶದಲ್ಲಿ ಕ್ಷಯ ಬಂದವರು ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಿದ್ದರು. ಈ ನಂಬಿಕೆಯಿಂದಲೇ ಮಾತ್ರೆ ಬಿಡುತ್ತಾರೆ ಎಂದು ಹಲವರ ಊಹೆ. ಫಾರ್ಮರ್ ಕಡೆಯವರು ಒಂದು ಗುಂಪಿಗೆ ಪುಕ್ಕಟೆ ಮಾತ್ರೆಯನ್ನಷ್ಟೇ ಕೊಟ್ಟರು. ಇನ್ನೊಂದು ಗುಂಪಿಗೆ ಮಾತ್ರೆಯ ಜೊತೆಗೆ ತಿಂಗಳಿಗಿಷ್ಟು ಹಣ, ಆಹಾರ, ಮನೆಗೆ ಬಂದು ವಿಚಾರಿಸುವವರು. ಎರಡನೆಯ ಗುಂಪಿನವರೆಲ್ಲ ಗುಣವಾದರು, ಮೊದಲನೆಯದರಲ್ಲಿ ಅರ್ಧದಷ್ಟು ಮಾತ್ರ. ಮಾಟದ ನಂಬಿಕೆ ಎರಡೂ ಕಡೆ ಇತ್ತು. ಗುಣವಾದವರೂ ಮಾಟವಲ್ಲ ಎಂದು ಪೂರ್ತಿ ಒಪ್ಪಿರಲಿಲ್ಲವಂತೆ! ನಮ್ಮ ತಾಯತವೂ ಹಾಗೇ ತೋಳಿನಲ್ಲಿರಲಿ, ಮಾತ್ರೆ ಹೊಟ್ಟೆಗೆ ಹೋಗಲಿ ಎಂದಳು ಅವ್ವ, ಮುಸುಕಿನೊಳಗಿಂದಲೇ.

ಉಪಾಯ ಹುಡುಕಿದವಳೂ ಅವ್ವನೇ. ಆಶಾ ಅವಳ ಮನೆಗೆ ಹೋಗುವುದು ಬೇಡ, ಮಾತ್ರೆಯನ್ನು ನಮ್ಮಲ್ಲಿ ಕೊಡಲಿ. ಅವಳು ಹೇಗೂ ಹಾಲಿಗೆ ಬರುತ್ತಾಳೆ. ಆಸ್ಪತ್ರೆಯಲ್ಲಿ ಮತ್ತೆ ಕಫ ಪರೀಕ್ಷೆ ಮಾಡಿ, ಡಾಕ್ಟರು ಮೊದಲಿನಿಂದ ಮಾತ್ರೆ ಶುರುಮಾಡಿದರು. ಬೆಳಗ್ಗೆ ಅವಳಿಗೊಂದು ರೊಟ್ಟಿ, ಚಟ್ನಿ. ಆಮೇಲೆ ಇಬ್ಬರೂ ಎದುರುಬದುರು ಕುಳಿತು ನುಂಗುವುದು, ಅವಳು ಕ್ಷಯದ್ದು, ಅವ್ವ ಬಿ.ಪಿ.ಯದು. “ನೀನು ನುಂಗು, ನಾನೂ ನುಂಗ್ತೀನಿ” ಎಂದು ಅವ್ವ ತನ್ನ ಮಾತ್ರೆ ತೋರಿಸುತ್ತಿದ್ದಳಂತೆ.

ಸರ್ಕಾರ 2018ರಿಂದ ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತದೆ. 2024ರ ನವೆಂಬರಿನಿಂದ ಅದು 1000 ಆಗಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗದಷ್ಟು ಜನ ನಮ್ಮ ದೇಶದವರು ಎಂದರೆ ಇದೇನೂ ಸಣ್ಣ ಕೆಲಸವಲ್ಲ. ಆದರೆ ಇವಳ ಹಣ ಹೋಗುತ್ತಿದ್ದುದು ಗಂಡನ ಖಾತೆಗೆ. ಮೊದಲ ಕಂತಿನಲ್ಲಿ ಒಂದು ಮೊಟ್ಟೆಯೂ ಮನೆಗೆ ಬರಲಿಲ್ಲ. ಅವಳ ಹೆಸರಿನಲ್ಲೇ ಖಾತೆ ತೆಗೆಸಿ ಬದಲಿಸಲು ಆಶಾ ಬ್ಯಾಂಕಿಗೂ ಆಸ್ಪತ್ರೆಗೂ ಎಷ್ಟು ಸಲ ಓಡಾಡಿದಳೋ! ಈ ಓದಿನಲ್ಲಿ ಆಶಾಗಳಿಗೂ ಒಂದು ಅಧ್ಯಾಯವಿದೆಯೇ ಎಂದು ನಾನು ಕೇಳಿದ್ದೆ. ಇದೆ ಎಂದಳು ಪುಟ್ಟಿ.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಆ ಹೆಂಗಸಿನ ಬಗ್ಗೆ ತರಗತಿಗೆ ಪ್ರಬಂಧ ಬರೆಯಬೇಕೆಂಬ ಆಸೆ ಅವಳಿಗೆ. ಅವಳ ಕಷ್ಟ ನಿನಗೆ ಮಾರ್ಕಾಗಬೇಕೇ ಎಂದೆ. ಮುಖ ಚಿಕ್ಕದು ಮಾಡಿಕೊಂಡು ಎದ್ದುಹೋದಳು. ಎರಡು ದಿನ ಬಿಟ್ಟು, ಬರೆಯುವುದಿಲ್ಲ, ಅದಕ್ಕೆ ಮೊದಲೇ ಕಾಲೇಜಿನ ಸಮಿತಿಯ ಒಪ್ಪಿಗೆಯೂ ಬೇಕು, ಆ ಅಕ್ಕನ ಒಪ್ಪಿಗೆಯೂ ಬೇಕು ಎಂದಳು. ಈಗ ನೀವು ಬರೆಯುತ್ತಿದ್ದೀರಲ್ಲ ಎಂದು ನೀವು ಕೇಳಬಹುದು. ಮಗಳ ಮದುವೆ ಮುಗಿದ ಮೇಲೆ ಅವಳನ್ನು ಕೇಳಿಯೇ ಬರೆದಿದ್ದೇನೆ. ಬೇಡ ಎಂದ ಎರಡು ಸಂಗತಿ ಬಿಟ್ಟಿದ್ದೇನೆ, ಗುರುತು ಹತ್ತುವಂಥದ್ದನ್ನು ಬದಲಿಸಿದ್ದೇನೆ.

ಪುಟ್ಟಿ ಸೆಪ್ಟೆಂಬರಿನಲ್ಲಿ ಹೊರಟುಹೋದಳು. 2025ರ ಬೇಸಿಗೆಗೆ ಮೊದಲೇ ಆ ಹೆಂಗಸಿನ ಮಾತ್ರೆ ಮುಗಿಯಿತು, ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮೇ ತಿಂಗಳಲ್ಲಿ ಹೊನ್ನಾಳಿಯಲ್ಲಿ ಮದುವೆ. ಅವ್ವನೂ ಬಸ್ಸಿನಲ್ಲಿ ಹೋಗಿಬಂದಳು. ರಾತ್ರಿ ಸಿಯಾಟಲ್‌ನಿಂದ ಫೋನು, ಅಜ್ಜಿ ಮಾತ್ರೆ ನುಂಗಿದಳಾ ಎಂದು. ಬೆಳಗ್ಗೆ ಒಂದು, ಇನ್ನೊಂದು ಮನೆಗೆ ಬಂದ ಮೇಲೆ ಎಂದೆ. “ಊಟ ಚೆನ್ನಾಗಿತ್ತು ಅಂತ ಹೇಳು ಅವಳಿಗೆ” ಎಂದು ಅವ್ವ ಒಳಗಿನಿಂದ ಕೂಗಿದಳು.